ಜೆಸಿಬಿ ಕಳೆದುಕೊಂಡ ಹಲ್ಲು

ಹೊಸ ಬಡಾವಣೆಗೆ ಪಾಯ ತೋಡುವ ಜಾಗದಲ್ಲಿ ಪ್ರಾಚೀನರು ಬಾಳಿದ ಕುರುಹುಗಳಿದ್ದವು. ಹಾಗಾಗಿ ಜೆಸಿಬಿ ನಾಲ್ಕು ಬೆರಳಿನಷ್ಟು ಮಣ್ಣು ಕೆರೆದು ನಿಲ್ಲಬೇಕು, ಪುರಾತತ್ವದವರ ಪುಟ್ಟ ಕರಣೆ ನೋಡಿ ಅಪ್ಪಣೆ ಕೊಟ್ಟ ಮೇಲೆ ಮುಂದುವರಿಯಬೇಕು ಎಂದು ನಿಯಮವಾಗಿತ್ತು. ಜೆಸಿಬಿ ನಿಂತಲ್ಲಿ ನಿಲ್ಲಲಾರದೆ ಗುರುಗುಡುತ್ತಿತ್ತು.

"ಅಣ್ಣ, ಇಲ್ಲಿ ಬೂದಿ ಕಾಣುತ್ತಿದೆ. ಯಾರೋ ಮೂರು ಸಾವಿರ ವರ್ಷದ ಹಿಂದೆ ಹೂಡಿದ ಒಲೆ. ನೀವು ಇನ್ನೊಮ್ಮೆ ಕೈ ಹಾಕಿದರೆ ಉಳಿಯುವುದಿಲ್ಲ," ಎಂದಿತು ಕರಣೆ.

"ಬೆಳಗಿನಿಂದ ಅಂಗೈಯಗಲ ಕೆರೆದಿದ್ದೀಯ. ಆರಿದ ಒಲೆಯ ಮುಂದೆ ಕೂತರೆ ಯಾರಾದರೂ ಊಟ ಬಡಿಸುತ್ತಾರೆಯೇ?" ಎಂದು ಜೆಸಿಬಿ ಬಕೆಟ್ಟನ್ನು ಇಳಿಸಿಯೇ ಬಿಟ್ಟಿತು. ಒಲೆಯ ಅಂಚಿನ ಕಲ್ಲಿಗೆ ತಗುಲಿ ಬಕೆಟ್ಟಿನ ಒಂದು ಹಲ್ಲು ಕಳಚಿ ಬೂದಿಯೊಳಗೆ ಹೂತುಹೋಯಿತು.

"ನನ್ನ ಹಲ್ಲು," ಎಂದಿತು ಜೆಸಿಬಿ. "ಯಾರೂ ಅಲ್ಲಿ ಕಾಲಿಡಬೇಡಿ. ತಂಗಿ, ಮೆಲ್ಲಗೆ ಕೆರೆಯಮ್ಮ. ಎಷ್ಟು ಹೊತ್ತಾದರೂ ಸರಿ."

ಕರಣೆ ಸಂಜೆಯವರೆಗೆ ಮೆಲ್ಲಗೆ ಕೆರೆಯಿತು. ಜೆಸಿಬಿ ಗಳಿಗೆಗೊಮ್ಮೆ "ಸಿಕ್ಕಿತೇ?" ಎನ್ನುತ್ತಿತ್ತು, ಆದರೆ ಕದಲಲಿಲ್ಲ. ಒಲೆ ಮೂರೂ ಕಲ್ಲುಗಳ ಸಮೇತ ಹೊರಬಂದು, ಅದರ ನಕ್ಷೆ ಬರೆದು ಮುಗಿದ ಮೇಲೆ ಕರಣೆ ಹಲ್ಲನ್ನು ಒಪ್ಪಿಸಿತು.

ಹಲ್ಲು ಅದಕ್ಕೆ ಮಧ್ಯಾಹ್ನವೇ ಸಿಕ್ಕಿತ್ತು.