ಹರಿಗೋಲಿನ ಗಾಳೆಪ್ಪ ನ್ಯಾಯ ಹೇಳಲು ಹೋದದ್ದು

“ಕೇಳ್ರಪ್ಪೋ ಕೇಳ್ರಿ! ಕೊತ್ತಲಗೇರಿಯ ನ್ಯಾಯದ ಗದ್ದುಗೆ ಬರಿದಾಗಿದೆ. ಯಾವ ಊರಿನವನಾಗಲಿ, ಓದಿದವನಾಗಲಿ ಓದದವನಾಗಲಿ, ದೊರೆಗಳ ಮೂರು ಒಗಟು ಬಿಡಿಸಿದವನೇ ಇನ್ನು ನ್ಯಾಯಾಧಿಕಾರಿ. ತಪ್ಪು ಹೇಳಿದವನ ತಲೆ ಕೋಟೆ ಬಾಗಿಲ ಮೇಲೆ!”

ತಲೆ ಹೋಗುತ್ತದೆ ಎಂದರೆ ಯಾರು ಬರುತ್ತಾರೆ ಅಂತೀರಾ? ಗದ್ದುಗೆ ಕಂಡರೆ ಕುತ್ತಿಗೆ ಮರೆಯುವವರಿಗೆ ಯಾವ ಕಾಲದಲ್ಲೂ ಬರವಿಲ್ಲ ಬಿಡಿ. ಆದರೆ ಗಾಳೆಪ್ಪ ಬಂದದ್ದು ಗದ್ದುಗೆಯ ಆಸೆಗಲ್ಲ. ಹೊಳೆಯಾಚೆ ಹರಿಗೋಲು ನಡೆಸುವ ಅಂಬಿಗ ಅವನು. ಅವನ ತಮ್ಮ ಹೊನ್ನೂರನನ್ನು, ಗೌಡರ ಎತ್ತು ಕದ್ದನೆಂದು ಕೋಟೆಯ ಸೆರೆಗೆ ತಳ್ಳಿದ್ದರು. ಅಷ್ಟರಲ್ಲಿ ಹಳೆಯ ನ್ಯಾಯಾಧಿಕಾರಿ ತೀರಿಕೊಂಡ. ಹೌದು ಅನ್ನುವವರಿಲ್ಲ, ಅಲ್ಲ ಅನ್ನುವವರಿಲ್ಲ. ಹುಡುಗ ಒಳಗೇ ಕೊರಗಿ ಕಡ್ಡಿಯಾಗಿದ್ದ.

“ನನ್ ಮಗ ಇರುವಿ ತುಳಿದಾವನಲ್ಲ. ಅವನ್ನ ಕರ್ಕಂಡೇ ಬಾ” ಎಂದು ಅವ್ವ ಹೇಳಿ ಕಳಿಸಿದ್ದಳು. ಗದ್ದುಗೆ ಏರುವುದು, ತಮ್ಮನನ್ನು ಬಿಡಿಸುವುದು, ಇಷ್ಟೇ ಗಾಳೆಪ್ಪನ ಮನಸ್ಸಿನಲ್ಲಿದ್ದದ್ದು.

ದೊರೆಯ ಓಲಗದಲ್ಲಿ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಲಡಿಯ ನೆಲ ಅಲುಗದಿದ್ದರೆ ಅಂಬಿಗನಿಗೆಲ್ಲಿಯ ಸಮಾಧಾನ? ಒಮ್ಮೆ ಈ ಕಾಲು, ಒಮ್ಮೆ ಆ ಕಾಲು. ಹೆಗಲ ವಸ್ತ್ರವನ್ನು ಹಿಂಡಿ ಹಿಂಡಿ ಹಗ್ಗ ಮಾಡಿಬಿಟ್ಟಿದ್ದ.

ಮೊದಲು ಎದ್ದವರು ಶಂಭುಭಟ್ಟರು. ಧರ್ಮಶಾಸ್ತ್ರ ಅರೆದು ಕುಡಿದವರು.

ದೊರೆ ಕೇಳಿದ: “ಕೊಟ್ಟರೆ ಇಬ್ಬರಲ್ಲಿ ಒಬ್ಬರು ಅಳುತ್ತಾರೆ. ಕೊಡದಿದ್ದರೆ ಇಬ್ಬರೂ ಅಳುತ್ತಾರೆ. ಏನದು?”

“ಹೆಣ್ಣುಮಗಳು!” ಎಂದರು ಭಟ್ಟರು. “ಧಾರೆ ಎರೆದು ಕೊಟ್ಟರೆ ತಾಯಿ ಅಳುತ್ತಾಳೆ. ಕೊಡದಿದ್ದರೆ ತಂದೆ ತಾಯಿ ಇಬ್ಬರೂ ಅಳುತ್ತಾರೆ.”

“ಕೊಟ್ಟಾಗ ತಂದೆಯೂ ಅಳುತ್ತಾನೆ ಭಟ್ಟರೇ. ನಿಮಗೆ ಹೆಣ್ಣುಮಕ್ಕಳಿಲ್ಲ ಅಂತ ಕಾಣುತ್ತೆ” ಎಂದ ದೊರೆ. ಭಟರು ಬಂದು ಭಟ್ಟರನ್ನು ಕರೆದೊಯ್ದರು.

ಆಮೇಲೆ ದಿವಾನರ ಅಳಿಯ ರಾಚೋಟಯ್ಯ ಮೀಸೆ ತಿರುವುತ್ತ ಬಂದ. ದೊರೆ ಅವನಿಗೆ ಬೇರೆ ಒಗಟು ಹಾಕಿದ: “ಒಬ್ಬ ತಂದಾಗ ಇಡಿಯಾಗಿರುತ್ತದೆ. ಇನ್ನೊಬ್ಬ ಬಂದ ಕೂಡಲೇ ಅರ್ಧವಾಗುತ್ತದೆ. ಯಾರೂ ಮುರಿಯಲಿಲ್ಲ, ಯಾರೂ ಹಂಚಿಕೊಳ್ಳಲಿಲ್ಲ. ಏನದು?”

“ಇದ್ಯಾವ ಮಹಾ! ಅಪ್ಪನ ಆಸ್ತಿ. ತಮ್ಮ ಹುಟ್ಟಿದ, ಅಣ್ಣನಿಗೆ ಅರ್ಧವಾಯಿತು.”

“ಹಂಚಿಕೊಳ್ಳಲಿಲ್ಲ ಅಂದೆನಲ್ಲಪ್ಪಾ” ಎಂದ ದೊರೆ. ರಾಚೋಟಯ್ಯನ ಮೀಸೆ ಇಳಿದುಹೋಯಿತು. ಅವನನ್ನೂ ಎಳೆದೊಯ್ದರು. ಸಭೆಯಲ್ಲಿ ಮತ್ತಾರೂ ಮೇಲೇಳಲಿಲ್ಲ. ಗಾಳೆಪ್ಪ ಮುಂದೆ ಬಂದ.

“ನೀನಾ?” ಎಂದ ದೊರೆ. “ಯಾವ ಶಾಸ್ತ್ರ ಓದಿದ್ದೀಯಪ್ಪ?”

“ಯಾವುದೂ ಇಲ್ಲ ದೊರೆ. ಓದಿರದಿದ್ದರೂ ನಡೀತೈತಿ ಅಂತ ಡಂಗುರದವನು ಅಂದ.”

ಸಭೆ ನಕ್ಕಿತು. ಗಾಳೆಪ್ಪನಿಗೆ ನಗು ಬರಲಿಲ್ಲ.

“ಮೊದಲಿನದು ತೀರ್ಪು, ದೊರೆ. ಕೊಟ್ಟರೆ ಸೋತವನು ಅಳ್ತಾನ. ಕೊಡದೆ ಇಟ್ಟುಕೊಂಡರೆ ಇಬ್ಬರೂ ಅಳ್ತಾರ. ನಿಮ್ಮ ಸೆರೆಮನೆ ಬಾಗಿಲಿಗೆ ಕಿವಿ ಕೊಟ್ಟರೆ ಕೇಳತೈತಿ. ಎರಡನೆಯದು ಜಗಳದ ಸುದ್ದಿ. ಒಬ್ಬ ಹೇಳಿದಾಗ ಅದೇ ಪೂರ್ತಿ ಅನ್ನಿಸತೈತಿ. ಇನ್ನೊಬ್ಬ ಬಂದು ಬಾಯಿ ತೆಗೆದ ಅಂದ್ರ, ಕೇಳಿದ್ದು ಅರ್ಧ ಅಷ್ಟೇ ಅಂತ ಗೊತ್ತಾಗತೈತಿ.”

ದೊರೆ ಮುಂದಕ್ಕೆ ಬಾಗಿದ. “ಮೂರನೆಯದು. ದೂರದಲ್ಲಿದ್ದರೆ ಎದ್ದು ಕಾಣುತ್ತದೆ. ಮಗ್ಗುಲಿಗೆ ಬಂದು ಕೂತರೆ, ಕಣ್ಣು ತೆರೆದಿದ್ದರೂ ಕಾಣುವುದಿಲ್ಲ. ಏನದು?”

“ನಮ್ಮವರ ತಪ್ಪು” ಎಂದ ಗಾಳೆಪ್ಪ. “ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ ಐತಿ, ದೊರೆ. ಮನೆಯವರು ಹರಿಗೋಲು ಹತ್ತಿದರೆ ಅಂಬಿಗ ತಾನು ಹುಟ್ಟು ಹಾಕಬಾರದು, ಇನ್ನೊಬ್ಬನ ಕೈಗೆ ಕೊಡಬೇಕು. ಹೊಳೆ ಉಕ್ಕಿದರೆ ಅವನ ಕಣ್ಣು ತನ್ನವರ ಮೇಲೇ ಇರತೈತಿ, ಉಳಿದವರು ನೀರುಪಾಲು…”

ಮಾತು ಅಲ್ಲೇ ನಿಂತಿತು. ತನ್ನ ಬಾಯಿಂದ ಏನು ಬಂತೆಂದು ಆಗಲೇ ಅವನಿಗೆ ಹೊಳೆದದ್ದು.

“ಭಲೆ! ಗದ್ದುಗೆ ನಿನ್ನದು” ಎಂದ ದೊರೆ. “ಮೇಲೊಂದು ವರ ಕೇಳು.”

ಹೊಳೆದದ್ದನ್ನು ಬದಿಗೆ ತಳ್ಳಿ, ತಮ್ಮನನ್ನು ಹೇಗೂ ತಾನೇ ಬಿಡಿಸುತ್ತೇನಲ್ಲ, ವರ ಯಾಕೆ ಹಾಳು ಮಾಡಲಿ ಎಂದುಕೊಂಡ ಗಾಳೆಪ್ಪ. “ಆ ಇಬ್ಬರ ತಲೆ ಉಳಿಸಿರಿ. ಭಟ್ಟರು ನನ್ನ ಮಗ್ಗುಲಲ್ಲಿ ಕೂಡಲಿ. ಶಾಸ್ತ್ರ ನನಗ ಬರಂಗಿಲ್ಲ.” ದೊರೆ ಆಗಲಿ ಎಂದ.

ಗಾಳೆಪ್ಪ ಗದ್ದುಗೆ ಏರಿ ಕೂತ. ಮೆತ್ತನೆಯ ಗದ್ದುಗೆಯಾದರೂ ಮುಳ್ಳಿನ ಮೇಲೆ ಕೂತಂತಾಯಿತು. ಮೊದಲು ಕೂಗಿದ್ದೇ ಹೊನ್ನೂರನ ಹೆಸರು. ಬೇಡಿ ಎಳೆಯುತ್ತ ಬಂದ ಹುಡುಗ ತಲೆ ಎತ್ತಿ ನೋಡಿದ. ಮುಖ ಅರಳಿತು. “ಅಣ್ಣಾ!” ಎಂದ.

ಆ ಕೂಗಿಗೆ ಗಾಳೆಪ್ಪ ಗದ್ದುಗೆಯ ಅಂಚಿಗೆ ಸರಿದ. ಬಿಟ್ಟೆ ಅಂದರೆ ಮುಗಿಯಿತು, ಅವ್ವನ ಮುಂದೆ ನಿಲ್ಲಿಸಬಹುದು. ಅವನು ತಮ್ಮನ ಮುಖ ನೋಡಿದ, ಮತ್ತೆ ನೋಡಿದ. ಕದ್ದಿದ್ದಾನೋ ಇಲ್ಲವೋ, ಅವನಿಗೆ ಏನೂ ಕಾಣಲಿಲ್ಲ. ತಮ್ಮ ಮಾತ್ರ ಕಂಡ.

ಎದ್ದು ಕೆಳಗಿಳಿದ. “ದೊರೆ, ಇವನು ನನ್ನ ಒಡಹುಟ್ಟಿದವನು. ಇವನಿಗಾಗೇ ಬಂದವನು ನಾನು. ಈ ಹುಟ್ಟು ನೀವು ಹಿಡೀರಿ.”

ಅಣ್ಣ ಹೋಗಿ ಜನರ ನಡುವೆ ನಿಂತದ್ದನ್ನು ಕಂಡು ಹೊನ್ನೂರ ಬಿಕ್ಕಿ ಬಿಕ್ಕಿ ಅತ್ತ. ದೊರೆ ಕೇಳುವ ಮೊದಲೇ ಬಾಯಿಬಿಟ್ಟ: “ಕದ್ದೆ, ದೊರೆ. ಸಂತೆಯಲ್ಲಿ ಮಾರಿದೆ.” ಎತ್ತನ್ನು ಹುಡುಕಿಸಿ ಗೌಡರಿಗೆ ಮುಟ್ಟಿಸಿದರು. ಎರಡು ಸುಗ್ಗಿಯವರೆಗೆ ಅವರ ಹೊಲದಲ್ಲಿ, ಅದೇ ಎತ್ತಿನ ಹಿಂದೆ, ಹೊನ್ನೂರ ದುಡಿಯಬೇಕೆಂದು ದೊರೆ ತೀರ್ಪು ಕೊಟ್ಟ.

ಗದ್ದುಗೆ ಗಾಳೆಪ್ಪನದೇ ಉಳಿಯಿತು. ಅವನು ಅವ್ವನನ್ನು ಕೊತ್ತಲಗೇರಿಗೆ ಕರೆತರಲು ಹೊಳೆ ದಾಟಿದ. ಬರುವಾಗ ಹುಟ್ಟನ್ನು ನೆರೆಮನೆಯ ಮಾರೆಪ್ಪನಿಗೆ ಕೊಟ್ಟು ಅವ್ವನ ಮಗ್ಗುಲಲ್ಲಿ ಕೂತ. ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

“ಕದ್ದಿದ್ದು ಖರೇನೇನೋ?”

“ಖರೇ ಅವ್ವಾ.”

“ನೀ ಬಿಡಿಸಬೌದಿತ್ತಲ್ಲೋ.”

“ಬಿಡಿಸಬೌದಿತ್ತು.”

ಹರಿಗೋಲು ನಡುಹೊಳೆ ದಾಟಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮಡಿಲಿನ ಗಂಟನ್ನು ಮುಟ್ಟಿ ನೋಡಿದಳು.

“ಮೊದ್ಲು ಗೌಡರ ಹೊಲಕ್ಕ ಹೋಗಾಣ. ಅವನಿಗೆ ರೊಟ್ಟಿ ತಂದೀನಿ” ಎಂದಳು. “ಆ ಎತ್ತಿಗೂ ಒಂದು ಐತಿ.”