ಕಾಳವ್ವನ ಸವತಿ

ಬಹಳ ಹಿಂದೆ, ಒಂದು ನೇಕಾರರ ಊರಿನಲ್ಲಿ ಮಾನಪ್ಪ ಪತ್ತಾರ ಅಂತ ಒಬ್ಬನಿದ್ದನಂತೆ. ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಕಾರ್ಡಿಗೆ ಅದಕ್ಕಿಂತ ಹಳೆಯ ಮಾನಿಟರ್ ಜೋಡಿಸುವುದು ಅವನ ಕಸುಬು. ಅವನು ಕೈ ಆಡಿಸಿದರೆ ಸತ್ತ ಪರದೆಯಲ್ಲೂ ಅಕ್ಷರಗಳು ಮೂಡುತ್ತಿದ್ದವಂತೆ. ಬಾವಿಗೆ ಬಿದ್ದ ಮಾನಿಟರನ್ನೂ ಬೆಳಗಿಸಿದ್ದನಂತೆ. ಅಂತೆಕಂತೆಗಳಿಗೇನು ಬರ! ಅವನ ಹೆಂಡತಿ ಕಾಳವ್ವನ ಕಥೆ ಬೇರೆ, ಅದನ್ನು ಕೇಳಿ.

ಆ ಕಾಲದ ಕಾರ್ಡುಗಳು ಹಲವು, ವೈರು ಮಾತ್ರ ಎಲ್ಲಕ್ಕೂ ಕೂಡುತ್ತಿತ್ತು. ಆದರೆ ಕಾರ್ಡಿನ ವೇಗ ಮಾನಿಟರಿಗೆ ಹೊಂದದಿದ್ದರೆ ಒಳಗಿನಿಂದ ಸಣ್ಣಗೆ ಕೀರಲು ದನಿ ಏಳುತ್ತಿತ್ತು. ಕೂಡಲೇ ಆರಿಸಿ, ಕಾರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳನ್ನು ಬದಲಿಸಬೇಕು. ತಡಮಾಡಿದರೆ ಮಾನಿಟರ್ ಸುಟ್ಟೇ ಹೋಗುತ್ತಿತ್ತು. ಅದಕ್ಕೇ ಮಾನಪ್ಪ ಅದರ ನೆತ್ತಿಗೆ ಕಿವಿ ಹಚ್ಚಿ ಕೂರುತ್ತಿದ್ದ.

ಕಾಳವ್ವನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಹಬ್ಬಕ್ಕೆ ಹೊಸ ಸೀರೆ ಉಟ್ಟು ಮುಂದೆ ನಿಂತರೂ ಅವನು ತಲೆ ಎತ್ತುತ್ತಿರಲಿಲ್ಲ, ಊಟಕ್ಕೆ ಕರೆದರೆ ಓಗೊಡುತ್ತಿರಲಿಲ್ಲ. ಆ ಗಾಜನ್ನು ಮಾತ್ರ ಧೋತರದ ಚುಂಗಿನಿಂದ ಒರೆಸಿ ಒರೆಸಿ ಇಡುತ್ತಿದ್ದ. ನನ್ನ ಮಾತಿಗಿಲ್ಲದ ಕಿವಿ ಆ ಸವತಿಗಿದೆ ಅಂತ ಅವಳು ಓಣಿಯವರ ಮುಂದೆಲ್ಲ ಹೇಳಿ ಅಳುತ್ತಿದ್ದಳಂತೆ.

ಹೀಗಿರುವಾಗ ನೇಕಾರರ ಸಂಘದ ಕಂಪ್ಯೂಟರಿನ ಕಾರ್ಡು ಕೆಟ್ಟಿತು. ತಲೆಮಾರುಗಳ ಸೆರಗಿನ ನಕ್ಷೆಗಳೆಲ್ಲ ಆ ಕಂಪ್ಯೂಟರಿನಲ್ಲೇ ಇದ್ದವು. ಬೇರೆ ಕಾರ್ಡು ಸಿಕ್ಕಿತು, ಆದರೆ ಅದಕ್ಕೆ ಹೊಂದುವ ಮಾನಿಟರ್ ಊರಿಗೆಲ್ಲ ಒಂದೇ ಒಂದು, ಮಾನಪ್ಪನ ಮನೆಯದೇ, ಉಳಿದಿತ್ತು. ಹಿರಿಯರು ಮಾನಪ್ಪನ ಪಡಸಾಲೆಯಲ್ಲಿ ಬಂದು ಕುಳಿತರು.

ಮಾನಪ್ಪ ಸ್ವಿಚ್ ಒತ್ತಿದ. ಕೀರಲು ದನಿ ಎದ್ದಿತು. ಮಗ್ಗದ ಸದ್ದಿನಲ್ಲೇ ಮುದುಕರಾದವರಿಗೆ ಅದು ಕೇಳಿಸಲಿಲ್ಲ. ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಕಾಳವ್ವನಿಗೆ ಕೇಳಿಸಿತು. ಒಳಗೊಳಗೇ ಹಿಗ್ಗಿದಳು. ನನ್ನ ಹೊಟ್ಟೆ ಉರಿಸಿದವಳ ಹೊಟ್ಟೆಯೂ ಉರಿಯಲಿ ಅಂದುಕೊಂಡಳಂತೆ.

ಉರಿಯುವುದನ್ನು ಕಣ್ಣಾರೆ ನೋಡೋಣವೆಂದು ಬಾಗಿಲಿಗೆ ಬಂದಳು. ಗಂಡ ಮಾನಿಟರಿಗೆ ಕಿವಿ ಹಚ್ಚಿಕೊಂಡು, ಎಲ್ಲ ಸರಿಯಿದೆ ಎಂಬಂತೆ ನಗುತ್ತಿದ್ದ! ಕಾಳವ್ವನಿಗೆ ಆಗ ಹೊಳೆಯಿತು. ಸವತಿಯ ಕೂಗೂ ಇವನಿಗೆ ಕೇಳಿಸುತ್ತಿಲ್ಲ. ಹಾಗಾದರೆ ಇಷ್ಟು ದಿನ ತಾನು ಕರೆದದ್ದು?

ಹಿಟ್ಟಿನ ಕೈಯಲ್ಲೇ ಓಡಿಬಂದು ಪ್ಲಗ್ ಕಿತ್ತಳು. ಅವನ ಕಿವಿಗೆ ಬಾಯಿ ಹಚ್ಚಿ, "ಒದರಾಕತ್ತಿತ್ತಲ್ರೀ! ಯಾವಾಗಿಂದ ಕೇಳವಲ್ದು ನಿಮಗ?" ಅಂದಳು.

ಮಾನಪ್ಪ ತಲೆ ತಗ್ಗಿಸಿದ. "ಭಾಳ ದಿನ ಆತು. ಅಂದಾಜಿನ ಮ್ಯಾಲ ನಡಸೀನಿ. ಗೊತ್ತಾದ್ರ ಯಾರೂ ಕೆಲಸ ಕೊಡಂಗಿಲ್ಲ ಅಂತ ನಿನಗೂ ಹೇಳಲಿಲ್ಲ."

ಆಮೇಲೆ ಅವಳು ಪಕ್ಕದಲ್ಲೇ ಕುಳಿತು ಕೇಳಿದಳು, ಅವನು ಸ್ವಿಚ್ಚು ಬದಲಿಸಿದ. ದನಿ ಅಡಗಿತು, ನಕ್ಷೆ ಮೂಡಿತು. ಹೆಸರೆಲ್ಲ ಮಾನಪ್ಪನಿಗೇ ಬಂತು. ಕಾಳವ್ವನಿಗೆ ಅದರ ಮೇಲೂ ಒಂದಿಷ್ಟು ಹೊಟ್ಟೆಕಿಚ್ಚು ಇತ್ತಂತೆ.

ಇವತ್ತಿಗೂ ಆ ಊರಿನಲ್ಲಿ ಹಳೆಯ ಕಾರ್ಡಿಗೆ ಹಳೆಯ ಮಾನಿಟರ್ ಜೋಡಿಸುವಾಗ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಸ್ವಿಚ್ ಒತ್ತಿ, "ಸವತಿ ಒದರ್ತಾಳೇನು?" ಅಂತ ಕೇಳುತ್ತಾರೆ. ಕಿವಿ ಎಷ್ಟೇ ಚುರುಕಾಗಿರುವ ಗಂಡನಾದರೂ ಸರಿ, ಹೆಂಡತಿ ಅವನ ಕಿವಿಯ ಹತ್ತಿರ ಹೋಗಿಯೇ ಉತ್ತರ ಹೇಳುತ್ತಾಳೆ.