ಅವಳು ಹಾಕಿಟ್ಟ ಗೇರು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಹೋದವಳನ್ನು ಬಿಟ್ಟುಬಿಡು ಅಂತ ಎಲ್ಲರೂ ಹೇಳುತ್ತಾರೆ. ಬಿಡಲು ಮನಸ್ಸಿಲ್ಲ. ಇಟ್ಟುಕೊಂಡರೆ ಕಾಲು ಮುಂದಕ್ಕೆ ಬರುವುದಿಲ್ಲ. ನಾನೇನು ಮಾಡಲಿ?"

ಅವನ ಹೆಂಡತಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಕೊನೆಯ ಸಂಜೆ ಅಡಿಗೆ ಮುಗಿಸಿ, ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗಿದ್ದಳು. ಆ ಬೂದಿಯನ್ನು ಅವನು ಕೆದಕಿರಲಿಲ್ಲ. ಅಂದಿನಿಂದ ಎರಡು ಹೊತ್ತೂ ಮಠದಲ್ಲೇ ಊಟ.

ಗುರುಗಳು ಅವನನ್ನು ಕೂರಿಸಿಕೊಂಡರು. ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಜಮಖಾನ ಮಾರುತ್ತಿದ್ದ. ಹಳೆಯ ಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಮಂಚ ಹಾಕಿ, ನೀರಿನ ಡ್ರಮ್ಮು ಇಟ್ಟು ಅದನ್ನೇ ಮನೆ ಮಾಡಿಕೊಂಡಿದ್ದ. ಊರಿಂದ ಊರಿಗೆ ಮನೆಯೇ ಹೋಗುತ್ತಿತ್ತು. ಬಸ್ಸು ಓಣಿಯೊಳಗೆ ನುಗ್ಗದು. ಅದಕ್ಕೆಂದು ಒಂದು ಸಣ್ಣ ಕಾರು ಇತ್ತು. ಅದನ್ನು ಹೆಂಡತಿ ಓಡಿಸುತ್ತಿದ್ದಳು. ಅವನು ಮುಂದೆ, ಅವಳು ಹಿಂದೆ.

"ನೀವು ಸುಮ್ಮನೆ ಮುಂದೆ ನೋಡಿಕೊಂಡು ಹೋಗಿ. ದಾರಿ ತಪ್ಪಿದರೆ ನಾನು ಹಾರ್ನ್ ಹೊಡೀತೀನಿ," ಅನ್ನುತ್ತಿದ್ದಳು.

ಅವನು ದಿನವೂ ತಪ್ಪುತ್ತಿದ್ದ. ಅವಳು ದಿನವೂ ಹೊಡೆಯುತ್ತಿದ್ದಳು.

ಕಾರಿನ ಹ್ಯಾಂಡ್‌ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ. ಉರುಳದಿರಲಿ ಎಂದು, ನಿಲ್ಲಿಸಿದಾಗಲೆಲ್ಲ ಅವಳು ಒಂದನೇ ಗೇರು ಹಾಕಿ ಇಳಿಯುತ್ತಿದ್ದಳು. ಒಂದು ಊರಿನಲ್ಲಿ ಹಾಗೇ ನಿಲ್ಲಿಸಿ ಇಳಿದಳು. ಜ್ವರ ಬಂತು. ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ಕರ್ಮ ಮುಗಿಯಿತು. ವ್ಯಾಪಾರಿ ಹೊರಡಬೇಕು. ಇಬ್ಬರು ಓಡಿಸುತ್ತಿದ್ದುದನ್ನು ಒಬ್ಬ ಓಡಿಸಲಾರ. ಕಾರು ಮಾರಿಬಿಡು ಎಂದರು ನೆಂಟರು. ಅವನಿಂದಾಗಲಿಲ್ಲ. ಅದನ್ನು ಅಲ್ಲೇ ಬಿಟ್ಟರೆ ಅವಳನ್ನೇ ಬಿಟ್ಟುಹೋದ ಹಾಗೆ. ಬಸ್ಸಿನ ಹಿಂದೆ ಕಟ್ಟಿಕೊಂಡು ಹೋಗುವುದೆಂದು ಗಟ್ಟಿ ಮಾಡಿದ.

ಲಾರಿ ಸಾಮಾನಿನ ಅಂಗಡಿಗೆ ಹೋದ. ಅಂಗಡಿಯವನು ದಪ್ಪ ಹಗ್ಗ ಕೊಟ್ಟ.

"ಗೇರು ಬಿಡಿಸಿದ್ದೀರಿ ತಾನೆ?"

"ಅವಳು ನಿಲ್ಲಿಸಿದ ಹಾಗೇ ಇದೆ," ಎಂದ ವ್ಯಾಪಾರಿ.

ಹಾಗಾದರೆ ಸರಿ ಇರಬೇಕು ಎಂದುಕೊಂಡ ಅಂಗಡಿಯವನು.

ಹಗ್ಗ ಹರಿಯಿತು. ಸರಪಳಿ ಒಯ್ದ. ಸರಪಳಿ ಹರಿಯಲಿಲ್ಲ, ಕಾರಿನ ಮುಂದಿನ ಕೊಕ್ಕೆಯೇ ಕಿತ್ತು ಬಂತು. ಕೊಕ್ಕೆಯನ್ನು ಕೈಯಲ್ಲಿ ಹಿಡಿದುಕೊಂಡು ಮತ್ತೆ ಅಂಗಡಿಯ ಮುಂದೆ ನಿಂತ.

"ಏನ್ ಸಾಹುಕಾರ್ರೇ, ಕಾರು ಅಂದಿರಿ. ಎಳೀತಿರೋದು ಎಮ್ಮೆ ಇದ್ದ ಹಾಗಿದೆ," ಎಂದು ಅಂಗಡಿಯವನು ನಕ್ಕ. "ಹೊತ್ತುಕೊಂಡು ಹೋಗೋ ಟ್ರೈಲರ್ ಇದೆ. ನಾಲ್ಕು ಚಕ್ರವೂ ನೆಲ ಬಿಟ್ಟು ಕೂರುತ್ತೆ. ಕೊಡಲೇ?"

"ಬೇಡ. ಅವಳು ಯಾರ ಮೇಲೂ ಭಾರ ಹಾಕಿದವಳಲ್ಲ. ತನ್ನ ಚಕ್ರದ ಮೇಲೇ ಬರಲಿ."

"ಹಾಗಾದರೆ ಕಬ್ಬಿಣದ ದಂಡ ಹಾಕೋಣ. ಹಗ್ಗ, ಸರಪಳಿ ಎಳೀತವೆ ಅಷ್ಟೆ, ತಡೆಯೋದಿಲ್ಲ. ಇಳಿಜಾರಿನಲ್ಲಿ ಹಿಂದಿನದು ಬಂದು ನಿಮಗೇ ಗುದ್ದುತ್ತೆ. ದಂಡ ಏರಿನಲ್ಲಿ ಎಳೆಯುತ್ತೆ, ಇಳಿಜಾರಿನಲ್ಲಿ ಅಂತರ ಕಾಯುತ್ತೆ."

ಅಂಗಡಿಯವನು ತಾನೇ ಬಂದ. ಕಾರಿನ ಅಡಿಯ ಚೌಕಟ್ಟಿಗೆ ದಂಡ ಬಿಗಿದ. ಬಸ್ಸು ಬ್ರೇಕು ಹಿಡಿದರೆ ಕಾರಿನ ಹಿಂದಿನ ಕೆಂಪು ದೀಪವೂ ಹತ್ತುವಂತೆ ತಂತಿ ಎಳೆದ.

ದಂಡ ಗಟ್ಟಿಯಾಗಿತ್ತು. ಬಸ್ಸು ಎಳೆಯಿತು, ಕಾರು ಬಂತು. ಆದರೆ ಬಿಕ್ಕುತ್ತ ಬಂತು. ಯಾರೂ ಚಾಲೂ ಮಾಡದ ಎಂಜಿನ್ನು ಒಳಗೇ ನರಳಿತು. ಹಿಂದೆ ನಡೆದು ಬರುತ್ತಿದ್ದ ಅಂಗಡಿಯವನಿಗೆ ಸುಟ್ಟ ವಾಸನೆ ಹೊಡೆಯಿತು. ಓಡಿಹೋಗಿ ಬಸ್ಸಿನ ತಗಡು ಬಡಿದು ನಿಲ್ಲಿಸಿದ. ಕಾರಿನ ಗಾಜಿನೊಳಗೆ ಇಣುಕಿ ನೋಡಿದ.

"ಒಂದನೇ ಗೇರಿನಲ್ಲೇ ಇದೆಯಲ್ಲ."

"ಗೊತ್ತು," ಎಂದ ವ್ಯಾಪಾರಿ.

"ಗೊತ್ತಿದ್ದೂ ಎಳೆದಿರಾ? ಇನ್ನೊಂದು ಮೈಲಿ ಹೋಗಿದ್ದರೆ ಈ ಕಾರು ಯಾರಿಗೂ ಉಳೀತಿರಲಿಲ್ಲ."

ವ್ಯಾಪಾರಿ ಬಸ್ಸಿನಿಂದಿಳಿದು ಕಾರಿನ ಪಕ್ಕ ನಿಂತ. "ಅದು ಅವಳ ಕೈ ಹಾಕಿದ ಗೇರು. ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ."

ಅಂಗಡಿಯವನು ಮೆಲ್ಲಗೆ ಕೇಳಿದ:

"ಅದು ನಿಲ್ಲಿಸೋಕೆ ಹಾಕಿದ್ದು, ಸಾಹುಕಾರ್ರೇ. ಹೊರಡುವಾಗ ಅಮ್ಮಾವ್ರೇ ತೆಗೀತಿರಲಿಲ್ಲವೇ?"

ವ್ಯಾಪಾರಿ ಬಾಗಿಲು ತೆಗೆದು ಅವಳ ಸೀಟಿನಲ್ಲಿ ಕುಳಿತ. ಅವಳು ಕುಳ್ಳಿ. ಸೀಟು ಮುಂದಿತ್ತು, ಮೊಣಕಾಲು ಸ್ಟೀರಿಂಗಿಗೆ ತಾಗಿತು. ಸೀಟನ್ನು ಹಿಂದೆ ಸರಿಸಲಿಲ್ಲ. ಹಾಗೇ ಮುದುಡಿ ಕುಳಿತ. ಗೇರಿನ ಹಿಡಿಯ ಮೇಲೆ ಕೈ ಇಟ್ಟ. ಬಹಳ ಹೊತ್ತು ಇಟ್ಟೇ ಇದ್ದ. ಆಮೇಲೆ ನ್ಯೂಟ್ರಲ್ಲಿಗೆ ತಂದ. ಇಳಿದು, ಬಾಗಿಲನ್ನು ಸದ್ದಾಗದಂತೆ ಹಾಕಿದ.

ಬಸ್ಸು ಹೊರಟಿತು. ಹಿಂದೆ ಏನೂ ಇಲ್ಲವೇನೋ ಅನ್ನುವಷ್ಟು ಹಗುರ. ಗಾಬರಿಯಾಗಿ ಕನ್ನಡಿ ನೋಡಿದ. ಕಾರು ಬರುತ್ತಿತ್ತು. ಏರು ಬಂತು, ಬಂದಳು. ಇಳಿಜಾರು ಬಂತು, ಗುದ್ದಲಿಲ್ಲ. ಅವನು ಬ್ರೇಕು ಹಿಡಿದರೆ ಅವಳ ದೀಪವೂ ಹತ್ತುತ್ತಿತ್ತು.

ಹಾರ್ನ್ ಹೊಡೆಯುವವರು ಮಾತ್ರ ಇರಲಿಲ್ಲ. ಆದ್ದರಿಂದ ನಿಧಾನ ಮಾಡಿಕೊಂಡು, ಕಂಡಕಂಡಲ್ಲಿ ದಾರಿ ಕೇಳಿಕೊಂಡು ಹೋದ.

ಕತೆ ಮುಗಿಯುವ ಹೊತ್ತಿಗೆ ಮಠದಲ್ಲಿ ಊಟದ ಗಂಟೆ ಹೊಡೆಯಿತು. ಶಿಷ್ಯ ದಿನದ ಹಾಗೆ ತಟ್ಟೆ ಹಿಡಿದು ಎದ್ದ. ಬಾಗಿಲು ದಾಟುವಾಗ ಗುರುಗಳು ಹಿಂದಿನಿಂದ ಕೇಳಿದರು. ಅವನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ನಿಂತುಬಿಟ್ಟ.

"ಕೆಂಡಕ್ಕೆ ಬೂದಿ ಮುಚ್ಚಿಡುವುದು ಬೆಳಿಗ್ಗೆ ಒಲೆ ಹೊತ್ತಿಸಲಿಕ್ಕಲ್ಲವೇನಪ್ಪಾ?"